ಕಾಲದ ಕೈ, ಬೀಗದ ಕೈ

ಬೀದಿಯವರು ಅವನಿಗೆ ಗಂಟುಮೋರೆ ಎಂದು ಹೆಸರಿಟ್ಟಿದ್ದರು. ಮುಖ ಸದಾ ಗಂಟಿಕ್ಕಿಕೊಂಡೇ ಇರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಅವನು ಫೋಟೋ ತೆಗೆಯುತ್ತಿದ್ದದ್ದು ಮನುಷ್ಯರದ್ದಲ್ಲ, ಮರದ ಗಂಟುಗಳದ್ದು. ಮದುವೆಗೆ ಕರೆದರೆ ಮದುಮಕ್ಕಳನ್ನು ಬಿಟ್ಟು ಅವರು ಕೂತ ಬೆಂಚಿನ ಫೋಟೋ ತೆಗೆದುಕೊಂಡು ಬರುವ ಆಸಾಮಿ ಎಂದು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಸಲ ಹಾಗೆ ಮಾಡಿಯೂ ಇದ್ದ.

ಮರದ ವಿಷಯದಲ್ಲಿ ಅವನದು ಮಡಿವಂತರನ್ನೂ ಮೀರಿಸುವ ಶಿಸ್ತು. ಹಲಗೆಯ ಮೇಲೆ ನೀರು ಚಿಮುಕಿಸಿದರೆ ಎಳೆಗಳು ಎದ್ದು ಕಾಣುತ್ತವೆ ಎಂದು ಎಲ್ಲರಿಗೂ ಗೊತ್ತು, ಅವನು ಚಿಮುಕಿಸುವವನಲ್ಲ. ಧೂಳನ್ನು ಸಹ ಒರೆಸುತ್ತಿರಲಿಲ್ಲ. ಬೆಳಗಿನ ಇಲ್ಲವೇ ಸಂಜೆಯ ಓರೆ ಬೆಳಕು ತಾನಾಗಿ ಹಲಗೆಯ ಮೇಲೆ ಬಂದು ಮಲಗುವವರೆಗೆ ಕಾಯುತ್ತಿದ್ದ. ಬೆಳಕು ಓರೆಯಾದಾಗ ಒಂದೊಂದು ಗೀರಿಗೂ ಒಂದೊಂದು ನೆರಳು ಹುಟ್ಟುತ್ತದೆ, ಆಗ ಹಲಗೆ ಬಾಯಿ ಬಿಡುತ್ತದೆ ಎನ್ನುತ್ತಿದ್ದ. ಮರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಅವನ ನಂಬಿಕೆ. ಮನುಷ್ಯರ ಬಗ್ಗೆ ಅವನಿಗೆ ಅಂಥ ನಂಬಿಕೆಯೇನೂ ಇರಲಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.

ಮೊದಲು ಅವನು ಒಂದು ಪೀಠೋಪಕರಣದ ಕಂಪನಿಯಲ್ಲಿ ಮೇಜು ಕುರ್ಚಿಗಳ ಫೋಟೋ ತೆಗೆಯುವ ಕೆಲಸದಲ್ಲಿದ್ದ. ಒಂದು ದಿನ ಅವರು ಮೇಜು ಕುರ್ಚಿಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಿಕೊಳ್ಳತೊಡಗಿದರು, ಮರವೇ ಬೇಡವಾಯಿತು, ಇವನೂ ಬೇಡವಾದ. ಮನೆಗೆ ಬಂದವನು ಕಿಟಕಿಯ ಪಕ್ಕದ ಕುರ್ಚಿ ಹಿಡಿದ. ಗಡ್ಡ ಬಿಟ್ಟ. ಕರೆದರೆ ಹೂಂ ಎನ್ನುತ್ತಿದ್ದ, ಬಡಿಸಿದರೆ ತಿನ್ನುತ್ತಿದ್ದ, ಕ್ಯಾಮೆರಾ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಮನೆಯಲ್ಲೇ ಪರದೆ ಹೊಲಿಯುತ್ತಿದ್ದ ಹೆಂಡತಿ ಯಂತ್ರ ತುಳಿಯುತ್ತಾ ತುಳಿಯುತ್ತಾ ಅವನ ಬೆನ್ನನ್ನೇ ನೋಡುತ್ತಿದ್ದಳು. ವರ್ಷ ತಿರುಗಿದರೂ ಆ ಬೆನ್ನು ಈ ಕಡೆ ತಿರುಗಲಿಲ್ಲ.

ಅವಳ ತಮ್ಮನದು ಹಳೆ ಮರದ ಅಂಗಡಿ. ಒಡೆದ ಕಟ್ಟಡಗಳ ಬಾಗಿಲು, ಕಿಟಕಿ, ತೊಲೆಗಳನ್ನು ತಂದು ರಾಶಿ ಹಾಕಿ ಮಾರುತ್ತಿದ್ದ. ಬಾಯಿ ಬೊಂಬಾಯಿ, ಮನಸ್ಸು ಒಳ್ಳೆಯದು. ಒಂದು ದಿನ ಅವನು ಯಾವುದೋ ಶಾಲೆಯ ಬೆಂಚಿನ ಹಲಗೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಭಾವನ ಕಾಲ ಬಳಿ ಇಟ್ಟ. ಎಷ್ಟೋ ತಲೆಮಾರಿನ ಮಕ್ಕಳು ಉಗುರಿನಲ್ಲಿ, ಮೊಳೆಯಲ್ಲಿ, ಲೆಕ್ಕ ಬಾರದ ಸಿಟ್ಟಿನಲ್ಲಿ ಗೀಚಿದ ಹಲಗೆ ಅದು. ಗಂಟುಮೋರೆ ಅದನ್ನು ಸುಮ್ಮನೆ ನೋಡಿದ. ಸಂಜೆ ಬೆಳಕು ಓರೆಯಾದಾಗ ಇನ್ನೊಮ್ಮೆ ನೋಡಿದ. ಆಮೇಲೆ ಎದ್ದು ಹೋಗಿ ಗಡ್ಡ ಬೋಳಿಸಿಕೊಂಡ. ಅಟ್ಟದಿಂದ ಕ್ಯಾಮೆರಾ ಇಳಿಯಿತು. ಅಡುಗೆಮನೆಯಲ್ಲಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಅವನು ನೋಡಲಿಲ್ಲ, ಲೆನ್ಸ್ ಒರೆಸುವುದರಲ್ಲಿ ಮುಳುಗಿದ್ದ.

ಅಲ್ಲಿಂದ ಮುಂದೆ ಹಲಗೆಗಳು ಬರತೊಡಗಿದವು. ಬೆಳಿಗ್ಗೆ ಅವನು ಊರಾಚೆ ಹೋಗಿ ಮರದ ತೊಗಟೆ, ಪಾಚಿ ಹಿಡಿದ ಕಲ್ಲು, ಒಣಗಿದ ಕೆರೆಯಂಗಳದ ಬಿರುಕುಗಳ ಫೋಟೋ ತೆಗೆಯುತ್ತಿದ್ದ. ಸಂಜೆಯ ಬೆಳಕು ಹಲಗೆಗಳಿಗೆ ಮೀಸಲು. ಬೆಳಕು ಹೋದಮೇಲೆ ಟೀ ಕುಡಿಯುತ್ತಾ ಹೆಂಡತಿಗೆ ಆ ದಿನದ ಹಲಗೆಯ ಕಥೆ ಹೇಳುತ್ತಿದ್ದ. ಮದುವೆಯಾದಾಗಿನಿಂದ ಮಾತನ್ನು ಉಪ್ಪಿನಷ್ಟೇ ಬಳಸುತ್ತಿದ್ದವನು ಈಗ ಬಾಯಿ ಮುಚ್ಚುತ್ತಿರಲಿಲ್ಲ.

"ಇಲ್ಲಿ ನೋಡು, ಈ ಬಾಗಿದ ಗೆರೆ. ಬಳೆಯದು. ಒಬ್ಬ ಮುದುಕಿ ದಿನಾ ಮಧ್ಯಾಹ್ನ ಈ ಬಾಗಿಲಿಗೆ ಒರಗಿಕೊಂಡು ಕೂರ್ತಿದ್ಲು. ಮಗ ಬರ್ತಾನೆ ಅಂತ ಕಾಯ್ತಿದ್ಲು. ಏಳೋವಾಗ ಕೈ ಊರಿದಾಗೆಲ್ಲ ಬಳೆ ತಾಗ್ತಿತ್ತು."

ಹೆಂಡತಿ ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದಳು. "ಆಮೇಲೆ?"

"ಆಮೇಲೆ ಏನು, ಮಗ ಬಂದ. ಆದ್ರೆ ಅಷ್ಟೊತ್ತಿಗೆ ಬಾಗಿಲು ಮಾತ್ರ ಇತ್ತು."

"ಅಯ್ಯೋ ಪಾಪ," ಎಂದು ಅವಳು ನಿಜವಾಗಿಯೂ ನಿಟ್ಟುಸಿರು ಬಿಡುತ್ತಿದ್ದಳು. ಆ 'ಆಮೇಲೆ' ಎಂಬ ಒಂದು ಮಾತಿಗಾಗಿ ಅವನು ಇಡೀ ದಿನ ಕಾಯುತ್ತಿದ್ದ ಎಂದರೆ ಬೀದಿಯವರು ನಂಬುತ್ತಿರಲಿಲ್ಲ. ಆದರೆ ಅದು ನಿಜ.

ಮುದುಕಿಯ ಬಳೆಯ ಆ ಬಾಗಿಲೇ ಅವನ ಕಣ್ಮಣಿಯಾಯಿತು. ನೂರು ವರ್ಷದ್ದು ಭಾವ, ಕಮ್ಮಿ ಅಂದ್ರೆ, ಎಂದು ಹೆಂಡತಿಯ ತಮ್ಮ ಎದೆ ತಟ್ಟಿ ಹೇಳಿದ್ದ. ಬೂದಿಬಣ್ಣಕ್ಕೆ ತಿರುಗಿದ ಹಲಗೆ, ಕೆಳಗಿನ ಅರ್ಧದಲ್ಲಿ ಗುಂಪುಗುಂಪಾದ ಗುಳಿಗಳು, ಬಳೆಯ ಗೆರೆಗಳು. ಆ ಬಾಗಿಲಿನ ಚಿತ್ರ ನೋಡಿಯೇ ಕಲಾಶಾಲೆಯವರು ತಮ್ಮ ಸಭಾಂಗಣವನ್ನು ಅವನಿಗೆ ಬಿಟ್ಟುಕೊಟ್ಟರು. ನಲವತ್ತು ಚಿತ್ರಗಳ ಪ್ರದರ್ಶನ. ಎದುರಿನ ದೊಡ್ಡ ಗೋಡೆಯ ತುಂಬ ಆ ಬಾಗಿಲೊಂದೇ. ಪ್ರದರ್ಶನಕ್ಕೆ 'ಕಾಲದ ಕೈ' ಎಂದು ಹೆಸರಿಟ್ಟವನು ಅವನೇ. ಆಮಂತ್ರಣದ ಮೇಲೆ ಒಂದು ಸಾಲನ್ನೂ ಬರೆಸಿದ್ದ: 'ಈ ಮರಗಳ ಮೇಲೆ ಕಾಲದ ಕೈಯಲ್ಲದೆ ಬೇರಾವ ಕೈಯೂ ಆಡಿಲ್ಲ.' ಕಂಪನಿಯವರು ಬೇಡವೆಂದ ಮೇಲೆ ಜೀವನದಲ್ಲಿ ಅವನು ತಲೆಯೆತ್ತಿ ಬರೆದ ಸಾಲು ಅದೊಂದೇ.

ಮನೆಯಲ್ಲಿ ಆಗ ಸಣ್ಣಪುಟ್ಟ ವಿಚಿತ್ರಗಳು ನಡೆಯುತ್ತಿದ್ದವು. ಟೀ ಪುಡಿ ಬೇಗ ಬೇಗ ಖಾಲಿಯಾಗುತ್ತಿತ್ತು. ತಮ್ಮನಿಗೆ ಊಟ ಕೊಟ್ಟು ಬರುವ ಹೆಂಡತಿಯ ಕೈ ವಿನೆಗರ್ ವಾಸನೆ ಹೊಡೆಯುತ್ತಿತ್ತು, ಅಂಗಡಿಯ ಗಾಜು ಒರೆಸಿದೆ ಎನ್ನುತ್ತಿದ್ದಳು. ಅವನ ಉಣ್ಣೆಯ ಕಾಲುಚೀಲದಲ್ಲಿ ಒಂದು ಕಾಣೆಯಾಗಿ ಇನ್ನೊಂದು ವಿಧುರನಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮುಂಬಾಗಿಲಿನ ಬೀಗ ಹೆಂಡತಿಯ ಬೀಗದಕೈಗೆ ಜಗ್ಗುತ್ತಲೇ ಇರಲಿಲ್ಲ. ದಿನಾ ಸಂಜೆ ಅವಳು ಹೊರಗಿನಿಂದ ಕರಕರ ಎನಿಸುವುದು, ಇವನು ಎದ್ದು ಹೋಗಿ ಒಳಗಿನಿಂದ ತೆಗೆಯುವುದು. "ಬೀಗಕ್ಕೂ ವಯಸ್ಸಾಯ್ತು, ನನ್ನ ಹಾಗೆ," ಎಂದು ನಕ್ಕು ಎಷ್ಟೋ ಸಲ ಎಣ್ಣೆ ಬಿಟ್ಟಿದ್ದ. ಮರದ ಒಂದು ಗೀರಿನಿಂದ ಮುದುಕಿಯ ಬಾಳನ್ನೇ ಓದಿದವನು ಇವುಗಳಲ್ಲಿ ಒಂದನ್ನೂ ಓದಲಿಲ್ಲ.

ಪ್ರದರ್ಶನಕ್ಕೆ ಎರಡು ದಿನವಿದ್ದಾಗ ಅವನು ಫೋಟೋ ಅಚ್ಚು ಹಾಕುವ ಅಂಗಡಿಗೆ ಹೋದ. ಅಂಗಡಿ ನಡೆಸುವವಳು ವಟವಟ ಮಾತಿನ ಹೆಂಗಸು, ಎಲ್ಲರಿಗೂ ಅಕ್ಕ, ಎಲ್ಲರೂ ಅವಳಿಗೆ ಅಣ್ಣ. ದೊಡ್ಡ ಗೋಡೆಯ ಚಿತ್ರದ ಒಂದು ಪಟ್ಟಿಯನ್ನು ಮಾದರಿಗೆಂದು ಪೂರ್ತಿ ಗಾತ್ರದಲ್ಲಿ ತೆಗೆದು ಮೇಜಿನ ಮೇಲೆ ಹಾಸಿದ್ದಳು.

"ಲೆನ್ಸಿಗೆ ಏನೋ ಮೆತ್ಕೊಂಡಿತ್ತಾ ಅಣ್ಣ? ಒಂದೇ ಥರದ ಗುರುತು ಅಲ್ಲಲ್ಲಿ ಬಂದಿದೆ."

"ನನ್ನ ಲೆನ್ಸಿಗೆ ಏನೂ ಮೆತ್ಕೊಳಲ್ಲ," ಎಂದು ಅವನು ಸೆಟೆದುಕೊಂಡೇ ಪಟ್ಟಿಯ ಮೇಲೆ ಬಗ್ಗಿದ. "ಅದು ಮರದ್ದೇ ಗುರುತು. ಆ ಮುದುಕಿ ದಿನಾ..."

ಮನೆಯಲ್ಲಿ ನೋಡುತ್ತಿದ್ದ ಅಂಗೈಯಗಲದ ಚಿತ್ರದಲ್ಲಿ ಅಕ್ಕಿಕಾಳಿನಷ್ಟಿದ್ದ ಗುಳಿ ಇಲ್ಲಿ ಬೊಗಸೆಯಷ್ಟಿತ್ತು. ಸುತ್ತಲಿನ ಗುಳಿಗಳ ಅಂಚು ಮಸುಕು, ಅವುಗಳ ಮೇಲೆ ನೇಯ್ಗೆಯ ಹಾಗೆ ಸಣ್ಣ ಸಣ್ಣ ಗೆರೆ. ಒಂದು ಗುಳಿ ಮಾತ್ರ ಅಚ್ಚೊತ್ತಿದಂತೆ ಸ್ಪಷ್ಟ: ಉದ್ದನೆಯ ಕಡ್ಡಿ, ತುದಿಗೆ ಮೂರು ಹಲ್ಲು, ಇನ್ನೊಂದು ತುದಿಗೆ ಮೂರು ತೂತಿನ ಹಿಡಿ, ಮೂರರಲ್ಲಿ ಒಂದು ತೂತಿನ ಅಂಚು ಮುರಿದಿದೆ. ಪಕ್ಕದಲ್ಲೇ ಮುದುಕಿಯ ಬಳೆ, ಅರ್ಧ ಚಂದ್ರನ ಹಾಗೆ. ಬಳೆಯಲ್ಲ, ಬೀಗದಕೈಗಳನ್ನು ಪೋಣಿಸುವ ಉಂಗುರ.

ಅಂಚು ಮುರಿದ ಆ ಬೀಗದಕೈ ಅವನ ಮನೆಯ ಬಾಗಿಲ ಹಿಂದೆ ಕೆಂಪು ದಾರದಲ್ಲಿ ನೇತಾಡುತ್ತದೆ. ಅದು ಹೆಂಡತಿಯದು.

"ಏನಾಯ್ತಣ್ಣ? ಬೆವರ್ತಿದ್ದೀರ. ನೀರು ಕೊಡ್ಲಾ?"

"ಬೇಡ. ಅಚ್ಚು ಹಾಕ್ಬೇಡಿ. ನಾನು ಫೋನ್ ಮಾಡೋವರೆಗೆ ಹಾಕ್ಬೇಡಿ," ಎಂದು ಪಟ್ಟಿಯನ್ನು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಬಿದ್ದ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಎಲ್ಲವೂ ಒಂದೊಂದಾಗಿ ಬಂದು ತನ್ನ ತನ್ನ ಜಾಗದಲ್ಲಿ ಕೂತಿತು. ಬಡಗಿಗಳು ಹೊಸ ಮರವನ್ನು ಹಳೆಯದು ಮಾಡುವುದು ಹೇಗೆಂದು ಅವನಿಗೆ ಗೊತ್ತಿಲ್ಲದ್ದಲ್ಲ. ಕಂಪನಿಯಲ್ಲಿ ಕಣ್ಣಾರೆ ಕಂಡಿದ್ದ. ಮೊದಲು ಟೀ ಡಿಕಾಕ್ಷನ್ ಬಳಿಯುತ್ತಾರೆ, ಒಣಗಿದ ಮೇಲೆ ತುಕ್ಕು ಮೊಳೆಗಳನ್ನು ನೆನೆಹಾಕಿದ ವಿನೆಗರ್ ಬಳಿಯುತ್ತಾರೆ. ನೋಡನೋಡುತ್ತ ಹಲಗೆ ಬೂದಿಬಣ್ಣಕ್ಕೆ ತಿರುಗುತ್ತದೆ. ಪೆಟ್ಟಿನ ಗುರುತಿಗೆ ಬೀಗದಕೈ ಗೊಂಚಲನ್ನು ಕಾಲುಚೀಲದೊಳಗೆ ಹಾಕಿ ಬಡಿಯುತ್ತಾರೆ. ಕಾಲುಚೀಲ ತೂತಾಗಿ ಆ ಒಂದು ಬೀಗದಕೈ ಹೊರಗೆ ಇಣುಕಿರಬೇಕು. ಅವನದೇ ಕಾಲುಚೀಲ. ಎಷ್ಟು ಸಲ ಬಡಿದರೆ ಉಣ್ಣೆ ತೂತಾಗುತ್ತದೆ ಎಂದು ಲೆಕ್ಕ ಹಾಕುತ್ತಾ ನಡೆದ.

ಮನೆಯ ಮೆಟ್ಟಿಲು ಹತ್ತಿ ತನ್ನ ಬೀಗದಕೈ ಹಾಕಿದ. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಬೀಗಕ್ಕೆ ಏನೂ ಆಗಿರಲಿಲ್ಲ. ಪೆಟ್ಟು ತಿಂದು ಸೊಟ್ಟಗಾದದ್ದು ಅವಳ ಬೀಗದಕೈ. ಇಷ್ಟು ದಿನ ತಾನು ಎಣ್ಣೆ ಬಿಟ್ಟದ್ದು ನಿರಪರಾಧಿ ಬೀಗಕ್ಕೆ. ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅದು ಟಕ್ಕೆಂದು ತಾನೇ ಹಾಕಿಕೊಂಡಿತು. ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತ.

ಸಂಜೆಗೆ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿಸಿತು. ಬೀಗದಕೈ ಕರಕರ ಎಂದಿತು.

"ರೀ, ಬಾಗಿಲು ತೆಗೀರಿ."

ಅವನು ಏಳಲಿಲ್ಲ. "ಬೀಗದಕೈ ಇದೆಯಲ್ಲ ನಿನ್ನ ಹತ್ರ. ತೆಗೆದುಕೊಂಡು ಬಾ."

"ಇದು ತಿರುಗಲ್ಲ ಅಂತ ಗೊತ್ತಲ್ಲ ನಿಮಗೆ."

"ಯಾಕೆ ತಿರುಗಲ್ಲ?"

"ಬೀಗಕ್ಕೆ ವಯಸ್ಸಾಯ್ತು ಅಂತ ನೀವೇ ಅಂದ್ರಲ್ಲ." ದನಿಯಲ್ಲಿ ನಗುವಿತ್ತು.

"ನನ್ನದಕ್ಕೆ ಚೆನ್ನಾಗಿ ತಿರುಗ್ತು. ನಿನ್ನದನ್ನ ಎಲ್ಲಿ ಬಡಿದಿದ್ದೀಯ ಅಂತ ಹೇಳು. ತೆಗೀತೀನಿ."

ಕರಕರ ನಿಂತಿತು. ಆಮೇಲೆ ಅವಳು, "ಅಚ್ಚಿನ ಅಂಗಡಿಗೆ ಹೋಗಿದ್ರಾ?" ಎಂದಳು. ನಗು ಹೋಗಿತ್ತು.

"ಹೋಗಿದ್ದೆ."

"ಒಳಗೆ ಬಂದು ಹೇಳ್ತೀನಿ. ಮೆಟ್ಟಿಲ ಮೇಲೆ ಜನ ಓಡಾಡ್ತಾರೆ ರೀ."

"ಓಡಾಡಲಿ. ಅಲ್ಲೇ ಹೇಳು."

ಬಾಗಿಲಿಗೆ ಏನೋ ಒರಗಿದ ಸದ್ದಾಯಿತು. ಅವಳು ಹೊಸ್ತಿಲಲ್ಲಿ ಕೂತಿರಬೇಕು, ದನಿ ಕೆಳಗಿನಿಂದ ಬಂತು.

"ಆ ಶಾಲೆ ಹಲಗೆ ಆದ್ಮೇಲೆ ಇನ್ನೂ ನಾಕಾರು ನಿಜವಾದ್ದು ಬಂತು. ಆಮೇಲೆ ಸಿಗ್ಲಿಲ್ಲ. ಎಲ್ಲಾ ಕಡೆ ಕಬ್ಬಿಣದ ಬಾಗಿಲು, ಪ್ಲಾಸ್ಟಿಕ್ ಬಾಗಿಲು. ನೀವು ದಿನಾ ಬಂತಾ ಬಂತಾ ಅಂತ ಕೇಳ್ತಿದ್ರಿ. ಒಂದಿನ ಕೇಳೋದು ಬಿಟ್ರಿ. ಮತ್ತೆ ಹೋಗಿ ಆ ಕಿಟಕಿ ಹತ್ರ ಕೂತ್ರಿ. ನನಗೆ ಜೀವ ಬಾಯಿಗೆ ಬಂತು ರೀ. ಒಂದೇ ಒಂದು ಮಾಡೋಣ, ನಿಜವಾದ್ದು ಸಿಗೋವರೆಗೆ ಅಂತ ತಮ್ಮನಿಗೆ ನಾನೇ ಹೇಳಿದ್ದು."

"ಒಂದು."

"ಅದನ್ನ ನೋಡಿ ನೀವು ಎದ್ದು ಕ್ಯಾಮೆರಾ ತಗೊಂಡ್ರಿ. ಆಮೇಲೆ ನಿಲ್ಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

"ನಿನ್ನ ತಮ್ಮ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿರಬೇಕು."

ಇಲ್ಲ ಎನ್ನಬಹುದಿತ್ತು ಅವಳು. "ಮೊದಲ್ನೇ ಸಲ ನಕ್ಕ," ಎಂದಳು. "ನಾನು ಬೈದೆ. ಆಮೇಲೆ ನಗ್ಲಿಲ್ಲ."

ಅವನಿಗೆ ಕಿವಿಯವರೆಗೆ ಬಿಸಿ ಏರಿತು. ಭಾವ, ಭಾವ ಎಂದು ಹಲಗೆ ಹೊತ್ತು ತರುತ್ತಿದ್ದ ಆ ಮುಖ ಕಣ್ಮುಂದೆ ಬಂತು. ಆದರೆ ಅವನನ್ನು ಸುಡುತ್ತಿದ್ದದ್ದು ಅದಲ್ಲ. ಹಲಗೆಗಳು ಸುಳ್ಳಾದವು, ಹಾಳಾಗಿ ಹೋಗಲಿ. ಪ್ರದರ್ಶನ ಮಣ್ಣುಪಾಲಾಯಿತು, ಆಗಲಿ. ಸುಡುತ್ತಿದ್ದದ್ದು ಬೇರೆ.

"ಆಮೇಲೆ ಅಂದ್ಯಲ್ಲ," ಎಂದ. "ಆ ಮುದುಕಿ ಕಥೆ ಹೇಳ್ದಾಗ ಕೆನ್ನೆಗೆ ಕೈ ಕೊಟ್ಕೊಂಡು ಆಮೇಲೆ ಅಂದ್ಯಲ್ಲ. ಬಡಿದವಳು ನೀನು. ನೀನೇ ಬಡಿದು ಬಂದು, ಆಮೇಲೆ ಏನಾಯ್ತು ಅಂತ ನನ್ನನ್ನ ಕೇಳಿದ್ಯಲ್ಲೇ! ದಿನಾ ಕೇಳಿದ್ಯಲ್ಲೇ!"

"ಕೇಳೋಕೆ ಇಷ್ಟ ಆಗ್ತಿತ್ತು ರೀ," ಎಂದಳು ಅವಳು. ಅಳುತ್ತಿದ್ದಳು. "ಮದುವೆಯಾದಾಗಿಂದ ನೀವು ನನ್ನ ಹತ್ರ ಅಷ್ಟು ಮಾತಾಡಿದ್ದೇ ಇಲ್ಲ. ನೀವು ಹೇಳ್ತಾ ಇದ್ರೆ ಬಡಿದದ್ದು ನಾನು ಅನ್ನೋದೇ ಮರೆತು ಹೋಗ್ತಿತ್ತು. ಆ ಮುದುಕಿ ನಿಜವಾಗ್ಲೂ ಇದ್ದಳೇನೋ ಅನ್ಸೋದು."

ಅವನು ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಮೇಲಿನ ಮನೆಯ ಅಜ್ಜನ ಕೋಲು ಮೆಟ್ಟಿಲ ಮೇಲೆ ಟಕ್ ಟಕ್ ಎಂದಿತು.

"ಏನಮ್ಮ ಇಲ್ಲಿ ಕೂತಿದ್ದೀಯ? ಗಂಟುಮೋರೆ ಒಳಗೆ ಬಿಟ್ಕೊಳ್ತಿಲ್ವಾ?"

"ಹಾಗೇನಿಲ್ಲ ಅಜ್ಜ, ಬೀಗ ಹಿಡ್ಕೊಂಡಿದೆ. ಅವರು ಎಣ್ಣೆ ಹುಡುಕ್ತಿದ್ದಾರೆ," ಎಂದಳು ಅವಳು, ಅಳುವಿನ ಸುಳಿವೇ ಇಲ್ಲದ ದನಿಯಲ್ಲಿ. "ನೆಗಡಿ ಬೇರೆ ಆಗಿದೆ ನನಗೆ."

ಎಷ್ಟು ಸರಾಗ! ಒಂದು ಉಸಿರಿನಲ್ಲಿ ಅಳು, ಮರು ಉಸಿರಿನಲ್ಲಿ ಎಣ್ಣೆ, ನೆಗಡಿ. ಇದೇ ದನಿಯಲ್ಲೇ ಅಲ್ಲವೇ ಅಂಗಡಿಯ ಗಾಜು ಒರೆಸಿದೆ ಎಂದದ್ದು. ಇದೇ ದನಿಯಲ್ಲೇ ಅಯ್ಯೋ ಪಾಪ ಎಂದದ್ದು. ಇನ್ನು ಕೇಳಲಾರದೆ ಎದ್ದು ಬಾಗಿಲು ತೆಗೆದ. ಕನಿಕರಕ್ಕೆ ತೆಗೆದದ್ದಲ್ಲ.

ಅವಳು ಒಳಗೆ ಬಂದು, ಕೆಂಪು ದಾರದ ಗೊಂಚಲನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಲೋ ಬೇಡವೋ ಎಂದು ಅನುಮಾನಿಸಿ ಕೈಯಲ್ಲೇ ಹಿಡಿದುಕೊಂಡಳು. ಅವನು ನೆಲದ ಮೇಲೆ ಚಿತ್ರಗಳ ಚಿಕ್ಕ ಪ್ರತಿಗಳನ್ನು ಹರಡಿದ್ದ.

"ತೊಗಟೆ, ಕಲ್ಲು, ಕೆರೆಯಂಗಳ ಬಿಡು. ಅವು ನಾನೇ ಹೋಗಿ ತೆಗೆದದ್ದು. ಉಳಿದದ್ದರಲ್ಲಿ ಯಾವುದು ಮರದ್ದು, ಯಾವುದು ನಿಮ್ಮದು, ಬೇರೆ ಮಾಡು."

ಅವಳು ಮಂಡಿಯೂರಿ ಕೂತು ಒಂದೊಂದನ್ನೇ ಎತ್ತಿದಳು. ಎಡಗಡೆಗೆ, ಎಡಗಡೆಗೆ, ಮತ್ತೆ ಎಡಗಡೆಗೆ. ತಪ್ಪುತ್ತಿರಲಿಲ್ಲ, ತಡೆಯುತ್ತಿರಲಿಲ್ಲ, ತಾನು ಹೊಲಿದ ಪರದೆಗಳನ್ನು ಗುರುತಿಸುವ ಹಾಗೆ ಗುರುತಿಸುತ್ತಿದ್ದಳು. ಹುಳು ಕೊರೆದ ತೊಲೆ ಎಡಕ್ಕೆ ಹೋಯಿತು. ಸುಟ್ಟ ಕಲೆಯ ಮೇಜು ಎಡಕ್ಕೆ ಹೋಯಿತು, ಅದಕ್ಕೆ ಅವನು ಹೇಳಿದ್ದ ಕಥೆ ಕೇಳಿ ಅವಳು ಅತ್ತಿದ್ದಳು. ಶಾಲೆಯ ಹಲಗೆ ಬಲಕ್ಕೆ ಬಂತು. ಕೊನೆಗೆ ಅವಳ ಕೈಗೆ ಬಂದದ್ದು ಒಂದು ಕಿಟಕಿಯ ಹಲಗೆ, ಯಾರದೋ ಮೊಣಕೈ ಊರಿ ಊರಿ ನುಣುಪಾದದ್ದು. ದೇವರೇ ಇದೊಂದಾದರೂ ಎಂದುಕೊಂಡ. ಅವಳು ಅದನ್ನು ಬಲಗಡೆಗೆ ಇಟ್ಟಳು.

ಅವನ ಉಸಿರು ಹಗುರಾಯಿತು. ಮರುಗಳಿಗೆಯೇ ಇನ್ನೊಂದು ಅನುಮಾನ ಬಂತು. ನಿಜ ಎಂದು ಅವನಿಗೆ ಹೇಗೆ ಗೊತ್ತು? ಅವಳು ಬಲಗಡೆಗೆ ಇಟ್ಟಳು, ಅದಕ್ಕೆ ನಿಜ. ಚಿತ್ರವನ್ನು ಎತ್ತಿ ಭೂತಗನ್ನಡಿ ಹಿಡಿದು ಮೂಲೆ ಮೂಲೆ ನೋಡಿದ. ಎಳೆಗಳು, ನುಣುಪು, ನೆರಳು. ಮರಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದ ಕಣ್ಣಿಗೆ ಏನೊಂದೂ ಹೊಳೆಯಲಿಲ್ಲ.

"ಇದು ನಿಜಾನಾ?"

"ನಿಜ ರೀ. ನಿಮ್ಮಾಣೆ."

ಫೋನ್ ಹೊಡೆದುಕೊಂಡಿತು. ಅಚ್ಚಿನ ಅಂಗಡಿಯ ಅಕ್ಕ.

"ಅಣ್ಣ, ನೀವು ಮಾಡ್ತೀರಿ ಅಂತ ಕಾದು ಕಾದು ನಾನೇ ಮಾಡ್ದೆ. ಮೆಷಿನ್ ಖಾಲಿ ಕೂತಿದೆ. ಆ ಬಾಗಿಲಿನ ಚಿತ್ರ ಅಚ್ಚು ಹಾಕ್ಬಿಡ್ಲಾ?"

"ಬೇಡ. ಬಾಗಿಲು ಬೇಡ."

"ಅಯ್ಯೋ, ದೊಡ್ಡ ಗೋಡೆ ಖಾಲಿ ಬಿಡ್ತೀರಾ?"

"ಬಿಡ್ತೀನಿ. ಹಲಗೆ ಯಾವುದೂ ಬೇಡ. ತೊಗಟೆ, ಕಲ್ಲು, ಕೆರೆಯಂಗಳ, ಅಷ್ಟು ಮಾತ್ರ ಹಾಕಿ."

"ಆ ಕಿಟಕಿ ಹಲಗೆ ನಿಜ ರೀ," ಎಂದು ನೆಲದಿಂದ ಹೆಂಡತಿ ಪಿಸುಗುಟ್ಟಿದಳು. "ಶಾಲೆದೂ ನಿಜ. ಅವನ್ನ ಯಾಕೆ?"

ಅವನು ಬಲಗಡೆಯ ಆ ನಾಲ್ಕಾರು ಚಿತ್ರಗಳನ್ನು ಕಾಲಿನಿಂದ ಮೆಲ್ಲಗೆ ಎಡಗಡೆಯ ರಾಶಿಗೆ ತಳ್ಳಿದ. ಅವಳ ಮುಖ ಬಿಳಿಚಿಕೊಂಡಿತು. ಅಷ್ಟು ಹೊತ್ತು ಬೈಗುಳಕ್ಕೆ, ಏಟಿಗೆ ಬೇಕಾದರೂ ಸಿದ್ಧಳಾಗಿ ಕೂತವಳ ಹಾಗಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ.

"ಸರಿ ಅಣ್ಣ, ತೊಗಟೆ, ಕಲ್ಲು, ಕೆರೆಯಂಗಳ," ಎಂದು ಅಕ್ಕ ಫೋನಿನಲ್ಲಿ ಗುನುಗುತ್ತಾ ಬರೆದುಕೊಂಡಳು. "ಆಮೇಲೆ?"

ಅವನು ಹೆಂಡತಿಯ ಕಡೆ ನೋಡಿದ. ಅವಳಿಗೂ ಆ ಮಾತು ಕೇಳಿಸಿತ್ತು. ಬೀಗದಕೈ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು, ಹಿಂದೆ ಎಷ್ಟೋ ಸಂಜೆ ನೋಡುತ್ತಿದ್ದ ಹಾಗೆಯೇ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಆಮೇಲೆ ಏನೂ ಇಲ್ಲ ಅಕ್ಕ," ಎಂದು ಅವನು ಫೋನ್ ಇಟ್ಟ.